ಬಾಂಗ್ ಕೂಗಿದರೂ ಏಳದವರು

ಜಹ್ರಾ ಊರಿನ ಹಳೆಯ ಕಾಳಗವೊಂದನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುತ್ತಾರೆಂದು ಈ ಕೊಲ್ಲಿ ದೇಶದಲ್ಲಿ ನಾವಿರುವ ಅಬು ಹಲೀಫಾದಿಂದ ಹೆಂಡತಿಯ ಜೊತೆ ಹೋಗಿದ್ದೆ. ಎಲ್ಲರೂ ಹೊಗೆಯಲ್ಲಿ ಓಡುವ ಕುದುರೆಗಳನ್ನು ನೋಡುತ್ತಿದ್ದರೆ, ನಾನು ನೋಡುತ್ತಿದ್ದುದು ಮೊದಲೇ ಗುಂಡು ತಗುಲಿ ಬಿದ್ದ ಬಿಳಿಗಡ್ಡದವರೊಬ್ಬರನ್ನು. ಅವರು ಅಲುಗಲೇ ಇಲ್ಲ. ನಿಜವಾಗಿಯೂ ಹೃದಯ ನಿಂತಿದ್ದರೆ?

“ಎಂತ ಮಾರಾಯ್ರೆ, ಸತ್ತವರು ಅಲುಗ್ತಾರಾ?” ಎಂದಳು ಹೆಂಡತಿ. ಅವಳು ನರ್ಸ್; ನನ್ನ ಗಾಬರಿಯನ್ನು ಕಾಯಿಲೆ ಎಂದು ಒಪ್ಪುವುದಿಲ್ಲ.

ಸಂಜೆಯ ಬಾಂಗ್ ಕೇಳಿಸಿತು. ಸತ್ತವರೆಲ್ಲ ಎದ್ದು ಮರಳು ಕೊಡವಿಕೊಂಡು, ಕೊಂದವರ ಪಕ್ಕದಲ್ಲೇ ನಮಾಜಿಗೆ ಸಾಲಾಗಿ ನಿಂತರು. ಬಿಳಿಗಡ್ಡದವರು ಮಾತ್ರ ಏಳಲಿಲ್ಲ.

ಹೆಂಡತಿ ನೋಡುವವರ ಮುಂದೆ ಕಟ್ಟಿದ್ದ ಹಗ್ಗ ದಾಟಿ ಓಡಿದಳು. ಅಷ್ಟು ಹೊತ್ತು ಗೋಳಾಡಿದ ನಾನೇ “ಬೇಡ ಮಾರಾಯ್ತಿ, ಪೊಲೀಸರಿದ್ದಾರೆ, ಇಕಾಮಾ ಹೋದೀತು, ಊರಿಗೇ ಕಳಿಸಿಯಾರು!” ಎಂದು ಕೂಗಿದೆ. ಅವಳು ಮಂಡಿಯೂರಿ ನಾಡಿ ಹಿಡಿದಳು, ಏನೋ ಮಾತಾಡಿದಳು, ಮೆಲ್ಲನೆ ಹಿಂದಿರುಗಿದಳು.

“ನಾಡಿ ಸರಿ ಉಂಟು. ಅವರ ಅಜ್ಜ ಈ ಯುದ್ಧದಲ್ಲೇ ಹೋದದ್ದಂತೆ. ‘ಅಜ್ಜ ಏಳ್ಲೇ ಇಲ್ಲ, ನಾನು ಇಷ್ಟು ಬೇಗ ಹೇಗೆ ಏಳುದು’ ಅಂತ ಕೇಳಿದ್ರು.”

ನಮಾಜು ಮುಗಿದು ಜನ ಕಾರುಗಳತ್ತ ನಡೆದರು. ನನಗೆ ಟ್ರಾಫಿಕ್ಕಿನ ಚಿಂತೆ ಆಗಲೇ ಶುರುವಾಗಿತ್ತು. ಆದರೂ ಬಿಳಿಗಡ್ಡದವರು ಕೈಯೂರಿ ಎದ್ದು ಕೂರುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.