ಸ್ಟಿಕ್ಕರಿನ ಅಡಿಯ ಸಾಲು

ನಮ್ಮ ಬೀದಿಯ ಟೈಲರಮ್ಮ ಓದಿದ್ದು ಏಳನೇ ತರಗತಿ. ಆದರೆ ಕೇಕ್ ಮಿಕ್ಸ್ ಪೊಟ್ಟಣದ ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಅವರಷ್ಟು ಶ್ರದ್ಧೆಯಿಂದ ಓದುವವರನ್ನು ನಾನು ಕಂಡಿಲ್ಲ. ಅವರ ಒಂಬತ್ತು ವರ್ಷದ ಮಗಳಿಗೆ ಹಾಲು ಆಗದು. ಆಗದು ಎಂದರೆ ಮುಖ ಸಿಂಡರಿಸುವುದಲ್ಲ. ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಓಡಬೇಕು. ಹಾಗಾಗಿ ಟೈಲರಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ ಓದುತ್ತಾರೆ. ಬೆಣ್ಣೆ, ಹಾಲಿನ ಪುಡಿ ಬಿಡಿ, ಕೇಸಿನ್, ಹಾಲೊಡಕಿನ ಪುಡಿ ಎಂದು ಹಾಲು ಹಾಕುವ ವೇಷಗಳೆಲ್ಲ ಅವರಿಗೆ ಬಾಯಿಪಾಠ.

ಮೂಲೆ ಅಂಗಡಿಯವನಿಗೆ ಇದೆಲ್ಲ ಗೊತ್ತು. "ನಮ್ಮ ಪುಟ್ಟಿಗೆ ಆಗೋದು ಇದೊಂದೇ ಅಲ್ವಾ ಅಕ್ಕ," ಎಂದು ಕೋಕೋ ಮಿಕ್ಸನ್ನು ತಾನೇ ಎತ್ತಿಕೊಡುತ್ತಿದ್ದ.

ಮಗಳ ಹುಟ್ಟುಹಬ್ಬಕ್ಕೂ ಅದನ್ನೇ ಕೊಟ್ಟ. ಟೈಲರಮ್ಮ ಓದಿದರು: ಹಿಟ್ಟು, ಸಕ್ಕರೆ, ಕೋಕೋ, ಸೋಡಾ. ಅದರ ಕೆಳಗೆ ಅಂಗಡಿಯ ಹಳದಿ ಸ್ಟಿಕ್ಕರ್, 'ಎರಡು ಕೊಂಡರೆ ಚಮಚ ಉಚಿತ'. ಎತ್ತಿ ನೋಡಬೇಕೆಂದು ಅನ್ನಿಸಲಿಲ್ಲ. ಕೊಟ್ಟವನು ಅಂಗಡಿಯ ಅಣ್ಣನೇ ಅಲ್ಲವೇ?

ಎರಡನೇ ತುತ್ತಿಗೇ ಮಗು ಕೊರಳು ಹಿಡಿದುಕೊಂಡಿತು.

ಉಳಿಯಿತು, ಪುಣ್ಯ. ಮರುದಿನ ಆಸ್ಪತ್ರೆಯಿಂದ ಬಂದವರೇ ಟೈಲರಮ್ಮ ಖಾಲಿ ಪೊಟ್ಟಣ ಹುಡುಕಿ ಸ್ಟಿಕ್ಕರ್ ಕಿತ್ತರು. ಅಡಿಯಲ್ಲಿ ತಣ್ಣಗೆ ಮಲಗಿತ್ತು: ಹಾಲೊಡಕಿನ ಪುಡಿ. ಕಂಪನಿ ಸದ್ದಿಲ್ಲದೆ ಮಿಶ್ರಣ ಬದಲಿಸಿತ್ತು. ಪೊಟ್ಟಣ ಹಿಡಿದು ನೇರ ಅಂಗಡಿಗೆ ಹೋದರು.

"ಏನಣ್ಣ ಇದು?"

"ಸ್ಟಿಕ್ಕರ್ ಎಲ್ಲಾದ್ರೂ ಅಂಟಿಸ್ಲೇಬೇಕಲ್ಲ ಅಕ್ಕ."

"ಮುಂದೆ ಇಷ್ಟಗಲ ಜಾಗ ಇತ್ತಲ್ಲ?"

"ಕೇಕಿನ ಚಿತ್ರ ಮುಚ್ಚಿಹೋಗತ್ತೆ ಅಂತ..." ಅವನು ತಲೆ ಕೆರೆದುಕೊಂಡ. ಕೊನೆಗೆ ಬಾಯಿಬಿಟ್ಟ. "ಹಾಲಿದೆ ಅಂತ ಇಬ್ರು ವಾಪಸ್ ಇಟ್ಟುಹೋದ್ರು. ಸರಕು ಹಾಗೇ ಕೂತಿತ್ತು. ಪುಟ್ಟಿ ವಿಷ್ಯ ಆ ಕ್ಷಣಕ್ಕೆ ನೆನಪಾಗ್ಲಿಲ್ಲ."

"ನೆನಪಾಗ್ಲಿಲ್ವಾ? ಎತ್ತಿ ಕೈಗೆ ಕೊಟ್ಟೋನು ನೀನೇ ಅಲ್ವೇನೋ!"

ನೆನಪಾಗಲಿಲ್ಲವಂತೆ! ಚಿತ್ರ ಮುಚ್ಚಬಾರದು ಎಂಬುದು ನೆನಪಿತ್ತು, ಮಗುವಿನ ಉಸಿರು ಮರೆತುಹೋಯಿತು. ಕಂಪನಿಯಾದರೂ ಸತ್ಯವನ್ನು ಸಣ್ಣಕ್ಷರದಲ್ಲಿ ಹೇಳಿತ್ತು. ಇವನು ಅಕ್ಕ ಅಕ್ಕ ಎನ್ನುತ್ತಲೇ ಅದರ ಬಾಯಿ ಮುಚ್ಚಿದ. ಟೈಲರಮ್ಮ ಕಪಾಟಿನಲ್ಲಿದ್ದ ಅಷ್ಟೂ ಪೊಟ್ಟಣಗಳ ಸ್ಟಿಕ್ಕರ್ ಒಂದೊಂದಾಗಿ ಕಿತ್ತು ಅವನ ಗಲ್ಲಾದ ಮೇಲೆ ಅಂಟಿಸಿ ಬಂದರು. ಅವನು ತಡೆಯಲಿಲ್ಲ.

ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೇನೋ. ಆದರೆ ಮುಂದಿನ ವಾರ ಅಂಗಿ ಅಳತೆ ಕೊಡಲು ಹೋದಾಗ ಟೈಲರಮ್ಮ ಬೇರೆ ಕಂಪನಿಯ ಮಿಕ್ಸ್ ತಂದು, ಎರಡು ಸಲ ಓದಿ, ಕೇಕ್ ಮಾಡಿ ಮಗಳ ಮುಂದಿಟ್ಟಿದ್ದರು.

"ಇದ್ರಲ್ಲಿ ಏನೂ ಇಲ್ಲ ಕಣೇ, ತಿನ್ನು ಚಿನ್ನ."

ಮಗು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು.

"ಅವತ್ತೂ ಹಂಗೇ ಅಂದಿದ್ದೆ ಅಮ್ಮ."

ಟೈಲರಮ್ಮ ಪೊಟ್ಟಣವನ್ನೇ ಮಗಳ ಕೈಗಿತ್ತರು. ಮಗು ಹೊಲಿಗೆ ಮಿಷನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಓದುವ ಮೊದಲು, ಪೊಟ್ಟಣದ ನಾಲ್ಕೂ ಮೂಲೆಗಳನ್ನು ಉಗುರಿನಿಂದ ಕೆರೆದು ನೋಡತೊಡಗಿತು.