ಬದುವಿನ ಎಕ್ಕೆ ಎಲೆ

ಗೊರೇಬಾಳದ ಹತ್ತಿರ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ಮನೆ ಸಿಂಧನೂರಿನಲ್ಲಿ. ಪ್ರತಿವರ್ಷ ಚಿಟ್ಟೆಯ ಪಾಠ ಬಂದಾಗ, ಪಕ್ಕದ ಭತ್ತದ ಗದ್ದೆಯ ಬದುವಿನಲ್ಲಿರುವ ಎಕ್ಕೆ ಗಿಡಗಳಿಂದ ಪಟ್ಟೆಪಟ್ಟೆ ಹುಳುಗಳನ್ನು ತಂದು ಡಬ್ಬಿಯಲ್ಲಿ ಸಾಕುತ್ತೇವೆ. ಹೋದ ಹಂಗಾಮಿನಲ್ಲಿ ಹುಳುಗಳು ಹೆಚ್ಚು ಸಿಕ್ಕಿದ್ದರಿಂದ ಅರ್ಧ ಮನೆಗೆ ಒಯ್ದೆ. ಅವಕ್ಕೆ ನಮ್ಮ ಓಣಿಯ ಖಾಲಿ ಸೈಟಿನ ಎಕ್ಕೆ ಎಲೆ ಹಾಕಿದೆ. ಶಾಲೆಯವಕ್ಕೆ ಹುಡುಗಿಯರು ಬದುವಿನ ಎಲೆಯನ್ನೇ ಹಾಕುತ್ತಿದ್ದರು.

ನಡುವೆ ಗದ್ದೆಗೆ ಎಣ್ಣೆ ಹೊಡೆದರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುವುದು. ವಾಸನೆಗೆ ಕಿಟಕಿ ಮುಚ್ಚಿ ಪಾಠ ಮುಂದುವರಿಸಿದೆ; ಎಲೆಯ ಯೋಚನೆ ಬರಲಿಲ್ಲ.

ನಾಲ್ಕು ದಿನದಲ್ಲಿ ಶಾಲೆಯ ಹುಳುಗಳು ಮೇಯುವುದು ಕಡಿಮೆಯಾಯಿತು. ಒಂದು ಪೊರೆ ಬಿಡಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡು ಸತ್ತಿತು. ಉಳಿದವು ಕೋಶ ಕಟ್ಟಿದವು, ಆದರೆ ಅವು ಮನೆಯವುಗಳಿಗಿಂತ ಸಣ್ಣವು. ಮನೆಯಲ್ಲಿ ಚಿಟ್ಟೆಗಳು ಹೊರಬಂದು ಹಾರಿಹೋದ ವಾರದಲ್ಲೇ ಶಾಲೆಯಲ್ಲಿ ಒಂದೇ ಒಂದು ಬಂತು. ಅದರ ರೆಕ್ಕೆ ಬಿಚ್ಚಲೇ ಇಲ್ಲ, ಹಿಂಡಿಟ್ಟ ಬಟ್ಟೆಯ ಹಾಗೆ ಮುದುಡಿತ್ತು. ಹುಡುಗಿಯರು ನೋಡುವ ಮೊದಲೇ ಡಬ್ಬಿಯನ್ನು ಅಲಮಾರಿಯ ಹಿಂದೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ನಾಚಿಕೆಯಾಯಿತು. ತೆಗೆದು ಮೇಜಿನ ಮೇಲಿಟ್ಟು, ಆದದ್ದನ್ನು ಹೇಳಿದೆ. ಎಣ್ಣೆಯೇ ಕಾರಣವೆಂದು ಸಾಧಿಸಲು ನನ್ನ ಬಳಿ ಪ್ರಯೋಗಾಲಯವಿಲ್ಲ, ಮನೆಗೂ ಶಾಲೆಗೂ ಎಲೆ ಮಾತ್ರ ಬೇರೆ ಇತ್ತು ಎಂದೂ ಹೇಳಿದೆ.

ಗದ್ದೆಯ ಒಡತಿ ಅರವತ್ತು ದಾಟಿದವರು, ಬೇಸಾಯ ತಾವೇ ನೋಡಿಕೊಳ್ಳುವವರು. ಸಂಜೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಜಗಳಕ್ಕೆ ಬಂದೆನೆಂದುಕೊಂಡರೋ ಏನೋ, ಮೊದಲು ಚಹಾ ಕೊಟ್ಟರು. ಆಮೇಲೆ ಚಿಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಕಾಂಡ ಕೊರಿಯೋ ಹುಳಕ್ಕಂತ ಹೊಡಿಸಿದ್ದೆರೀ ಟೀಚರ. ಈ ಪಾತರಗಿತ್ತಿ ನನ್ನ ಭತ್ತಕ್ಕ ಏನೂ ಮಾಡಿದ್ದಿಲ್ಲ,” ಎಂದರು.

“ಗಾಳಿಗೆ ಎಣ್ಣಿ ಬದುವಿನ ಎಲಿ ಮ್ಯಾಲೆ ಬಿದ್ದಿರಬೇಕ್ರೀ ಅಮ್ಮಾರ,” ಎಂದೆ.

“ಎಣ್ಣಿ ಬಿಡ್ತೀನಂತ ಸುಳ್ಳು ಹೇಳಂಗಿಲ್ಲ. ಬಿಟ್ರ ಬೆಳಿ ಕೈಗೆ ಬರಂಗಿಲ್ಲ. ಹೊಡಿಸೋ ಮೊದಲ ನಿಮಗ ಹೇಳ್ತೀನಿ. ನನ್ನ ಕೈಲಾಗೋದು ಅಷ್ಟ.”

ಆ ಚಿಟ್ಟೆ ಸಕ್ಕರೆ ನೀರು ಕುಡಿದು ಎರಡು ದಿನ ಬದುಕಿತು.

ಅವರು ಮಾತು ತಪ್ಪಿಲ್ಲ. ಎಣ್ಣೆ ಹೊಡೆಸುವ ಹಿಂದಿನ ದಿನ ಫೋನ್ ಮಾಡುತ್ತಾರೆ. ಹುಡುಗಿಯರು ಬದುವಿನುದ್ದಕ್ಕೂ ಎಲೆ ತಿರುವಿ ನೋಡಿ, ಸಿಕ್ಕಷ್ಟು ಹುಳುಗಳನ್ನು ಎತ್ತಿ ತರುತ್ತಾರೆ. ಅವಕ್ಕೆ ಬೇಕಾದ ಎಲೆಯನ್ನು ನಾನು ಸಿಂಧನೂರಿನಿಂದ ಬಸ್ಸಿನಲ್ಲಿ ತರುತ್ತೇನೆ. ಹುಳುಗಳೆಲ್ಲವೂ ಸಿಗುವುದಿಲ್ಲ, ಎಲೆಯಡಿಯ ಮೊಟ್ಟೆ ಕಣ್ಣಿಗೆ ಬೀಳುವುದು ಕಷ್ಟ.