ಹಸಿರು ಗುರುತನ್ನು ನಂಬದ ಮಧುಮತಿ

ಭಾನುವಾರ ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ದಾಂಡೇಲಿಯ ಆಸ್ಪತ್ರೆಯೊಂದರ ಹಿಂಬದಿಯಲ್ಲಿ, ಔಷಧಿ ಉಗ್ರಾಣದ ಪಕ್ಕದ ಕಿಟಕಿಯಿಲ್ಲದ ಕೋಣೆಯ ಬೀಗ ತೆಗೆದು ಮಧುಮತಿ ಒಳಗೆ ಬರುತ್ತಾರೆ. ಹೊರಗೆ ಮೇ ತಿಂಗಳ ಸೆಕೆ, ಒಳಗೆ ಏಸಿಯ ಚಳಿ. ಸ್ವೆಟರ್ ತೊಟ್ಟು, ಕಬ್ಬಿಣದ ಕಪಾಟಿನಿಂದ ಹಾರ್ಡ್‌ಡಿಸ್ಕ್ ತೆಗೆದು, ಪಕ್ಕಕ್ಕಿಟ್ಟ ಹಳೆಯ ಯಂತ್ರಕ್ಕೆ ಜೋಡಿಸುತ್ತಾರೆ. ಅದರಲ್ಲಿರುವ ಆಸ್ಪತ್ರೆಯ ವಿವರಗಳ ಬ್ಯಾಕಪ್ ಪ್ರತಿ ನಿಜಕ್ಕೂ ಎದ್ದು ನಿಲ್ಲುತ್ತದೆಯೇ ಎಂದು ನೋಡಲು ನಲವತ್ತು ನಿಮಿಷ ಬೇಕು. ಅಲ್ಲಿಯವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕೂಡುವುದು.

"ಮಾತಾಡಾಕ ಯಾರೂ ಇಲ್ರಿ. ಇದ್ರೂ ಈ ಫ್ಯಾನಿನ ಸಪ್ಪಳದಾಗ ಏನೂ ಕೇಳ್ಸಂಗಿಲ್ಲ," ಎನ್ನುತ್ತಾರೆ.

ನಲವತ್ತೊಂದರ ಮಧುಮತಿ ಹುಟ್ಟಿದ್ದು ನವಲಗುಂದದಲ್ಲಿ. ತಂದೆ ದುರ್ಗಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಸಂಸಾರ ದಾಂಡೇಲಿಗೆ ಬಂತು. ತಂದೆ ತೀರಿಕೊಂಡು ಹತ್ತು ವರ್ಷವಾಯಿತು. ಈಗ ಅಂಬೇವಾಡಿಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಗಳ ಕೆಲಸವೇನೆಂದು ತಾಯಿ ಗುರುಬಸವ್ವನಿಗೆ ಇಂದಿಗೂ ತಿಳಿದಿಲ್ಲ. "ಯಾರರ ಕೇಳಿದ್ರ ಕಂಪ್ಯೂಟರ್ ಕಾಯ್ತಾಳ ಅಂತ ಹೇಳ್ತೇನ್ರಿ. ಅದನ್ಯಾಕ ಕಾಯಬೇಕು, ಅದೇನ್ ಓಡಿ ಹೊಕ್ಕೇತೇನು ಅಂತಾರ," ಎಂದು ಆಕೆ ನಗುತ್ತಾರೆ.

ಓಡಿಹೋಗುತ್ತದೆ ಎಂಬುದು ಮಧುಮತಿಗೆ ಗೊತ್ತು. ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲೂ ಈ ಆಸ್ಪತ್ರೆಯ ಚಿಕಿತ್ಸಾಲಯಗಳಿವೆ. ನಾಲ್ಕೂ ಊರಿನ ಅರವತ್ತೆರಡು ಸಾವಿರ ರೋಗಿಗಳ ವಿವರ ಇರುವುದು ಇಲ್ಲಿನ ಎರಡು ಸರ್ವರ್‌ಗಳಲ್ಲಿ. ಅವುಗಳೊಳಗೆ ಹನ್ನೊಂದು ವರ್ಚುವಲ್ ಮಷೀನುಗಳು. ಪೆಟ್ಟಿಗೆ ಎರಡೇ ಆದರೂ ಒಳಗೆ ಬೇರೆ ಬೇರೆ ಹನ್ನೊಂದು ಕಂಪ್ಯೂಟರ್‌ಗಳಿದ್ದಂತೆ. ಪೆಟ್ಟಿಗೆ ಸತ್ತರೆ ಎಲ್ಲವೂ ಒಟ್ಟಿಗೇ ಸಾಯುತ್ತವೆ.

ನಾಲ್ಕು ವರ್ಷದ ಹಿಂದೆ ಹಾಗೇ ಆಯಿತು. ಡಿಸ್ಕುಗಳು ಕೆಟ್ಟವು. ದಿನಾ ಬ್ಯಾಕಪ್ ಆಗುತ್ತಿತ್ತು, ದಿನಾ ಪರದೆಯ ಮೇಲೆ 'ಯಶಸ್ವಿ' ಎಂಬ ಹಸಿರು ಗುರುತು ಮೂಡುತ್ತಿತ್ತು. ಆದರೆ ತೆರೆಯಲು ಹೋದಾಗ ಪ್ರತಿ ತೆರೆಯಲಿಲ್ಲ. ಐದು ತಿಂಗಳ ವಿವರ ಹೋಯಿತು. ಆ ವಾರವೇ ಉಳವಿ ಕಡೆಯ ಗೋದುಬಾಯಿ ಎಂಬ ಮುದುಕಿ ಜ್ವರವೆಂದು ಜೋಯಿಡಾದ ಚಿಕಿತ್ಸಾಲಯಕ್ಕೆ ಬಂದರು. ಹಿಂದಿನ ಸಲ ಒಂದು ಇಂಜೆಕ್ಷನ್ ಆಗಿಬರದೆ ಅವರ ಜೀವಕ್ಕೇ ಬಂದಿತ್ತು. ಅದನ್ನು ಕೆಂಪಿನಲ್ಲಿ ಬರೆದಿಟ್ಟಿದ್ದ ಸಾಲು ಈಗ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದೇ ಇಂಜೆಕ್ಷನ್ ಸಿರಿಂಜಿಗೆ ತುಂಬಿಯೂ ಆಗಿತ್ತು. ಬಾಗಿಲಲ್ಲಿದ್ದ ನರ್ಸ್ ಸಿದ್ದಕ್ಕ ಮುಖದ ಗುರುತು ಹಿಡಿದು ಕೂಗಿದರು: "ತಡೀರಿ, ಈ ಅಜ್ಜಿಗೆ ಇದು ಆಗಂಗಿಲ್ಲ!"

"ಸಿದ್ದಕ್ಕ ಅವತ್ತ ರಜಾ ಹಾಕಿದ್ದಿದ್ರ?" ಎಂದು ಮಧುಮತಿ ಕೇಳುತ್ತಾರೆ. ಈ ಪ್ರಶ್ನೆಯನ್ನು ಅವರಿಗೆ ಬೇರೆ ಯಾರೂ ಕೇಳಿಲ್ಲ. ಯಾರೂ ಬೈದೂ ಇಲ್ಲ.

ಹೊಸ ವ್ಯವಸ್ಥೆ ಆರಿಸುವ ಹೊಣೆ ಅವರದೇ ಆಯಿತು. ಮೂರು ಕಂಪನಿಗಳವರು ಬಂದು ಬಣ್ಣದ ಚಿತ್ರ ತೋರಿಸಿ ಹೋದರು. ಎಲ್ಲವನ್ನೂ ದೂರದ ಕ್ಲೌಡಿನಲ್ಲಿಡುವುದೇ ಚೆಂದ ಎಂದು ಆಸ್ಪತ್ರೆಯ ಮುಖ್ಯಸ್ಥರಾದ ಡಾ. ಅಡಿವೆಯ್ಯನವರಿಗೂ ಅನ್ನಿಸಿತ್ತು.

"ಎಲ್ಲಾರೂ ಅದನ್ನ ತಗೋಳಾಕತ್ತಾರಲ್ಲವಾ?"

"ಬ್ಯಾಡ ಅನ್ನಂಗಿಲ್ರಿ ಸರ್. ಆದ್ರ ನಮ್ಮ ಲೈನ್ ಮ್ಯಾಲ ಅಷ್ಟೂ ವಾಪಸ್ ಬರಾಕ ಮೂರು ದಿನ ಬೇಕು. ಮಳೀಗೆ ಲೈನ್ ಹ್ವಾದ್ರ ಅದೂ ಇಲ್ಲ. ಹೊಳ್ಳಿ ತಂದು ನನ್ನ ಕಣ್ಮುಂದ ತೋರಸ್ಲಿ, ಅವರದನ್ನ ತಗೊಳ್ಳೂಣು."

ಒಬ್ಬರು ತೋರಿಸಲು ಒಪ್ಪಲೇ ಇಲ್ಲ. ಇನ್ನೊಬ್ಬರದು ಎದ್ದಿತು, ಆದರೆ ಲ್ಯಾಬಿನ ವಿವರ ಅರ್ಧ ಬರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ಮೂರನೆಯವರದು ಸದ್ದುಗದ್ದಲವಿಲ್ಲದ ಸಾದಾ ವ್ಯವಸ್ಥೆ: ಬರೆಯುವುದು ಮುಗಿದಿದೆಯೇ ಎಂದು ನೋಡಿ, ಆ ದಿನ ಬದಲಾದದ್ದನ್ನಷ್ಟೇ ಎತ್ತಿಕೊಳ್ಳುವುದು. ಮಧುಮತಿ ಅದನ್ನೇ ಆರಿಸಿದರು. ಒಂದು ಪ್ರತಿ ಇಲ್ಲಿ, ಒಂದು ಹಳಿಯಾಳದಲ್ಲಿ. ಮೂರನೆಯದನ್ನು ದಿನಾ ಸಂಜೆ ಚಿಕಿತ್ಸಾಲಯ ಮುಚ್ಚಿದ ಮೇಲೆ ಡಿಸ್ಕಿಗೆ ಇಳಿಸಿ, ಕೂಡಲೇ ತಂತಿ ಬಿಚ್ಚಿ ಕಪಾಟಿಗೆ. ಈವರೆಗೆ ನೂರ ಅರವತ್ತನಾಲ್ಕು ಭಾನುವಾರ ಪರೀಕ್ಷಿಸಿದ್ದಾರೆ. ಒಂಬತ್ತು ಸಲ ಪ್ರತಿ ಎದ್ದಿಲ್ಲ. ಒಂಬತ್ತು ಸಲವೂ ಹಸಿರು ಗುರುತು ಇತ್ತು.

ಕಳೆದ ಜುಲೈನಲ್ಲಿ ಮುಂಡಗೋಡದ ಯಾರೋ ಸಿಬ್ಬಂದಿ ಗುರುತಿಲ್ಲದ ಮೇಲ್ ತೆರೆದರು. ಮರುದಿನ ನಸುಕಿನಲ್ಲಿ ಮಧುಮತಿ ಬಂದು ನೋಡಿದರೆ ಆ ಮೇಲಿನ ಮೂಲಕ ನುಗ್ಗಿದ ಯಾರೋ ಕಳ್ಳರು ಹನ್ನೊಂದು ಮಷೀನಿಗೂ ಬೀಗ ಜಡಿದು, ತೆಗೆಯಲು ಹಣ ಕೇಳಿದ್ದಾರೆ. ಇಲ್ಲಿನ ಪ್ರತಿಯೂ ಹಳಿಯಾಳದ ಪ್ರತಿಯೂ ಹೋಗಿವೆ. ಅಡಿವೆಯ್ಯನವರ ಫೋನ್ ಹತ್ತಲಿಲ್ಲ. ಊರುಗಳ ಸಂಪರ್ಕವನ್ನೆಲ್ಲ ಕಿತ್ತು, ಕಪಾಟಿನ ಡಿಸ್ಕನ್ನು ಕೈಗೆತ್ತಿಕೊಂಡರು. "ಅದನ್ನ ಜೋಡ್ಸಾಕೂ ಅಂಜಿಕಿ. ಇರೂದು ಅದೊಂದ." ಸರ್ವರ್‌ಗಳಲ್ಲಿದ್ದುದನ್ನೆಲ್ಲ ಪೂರ್ತಿ ಅಳಿಸಿದ ಮೇಲಷ್ಟೇ ಜೋಡಿಸಿದರು. ಮೊದಲು ರೋಗಿಗಳ ವಿವರ, ಆಮೇಲೆ ಲ್ಯಾಬು, ಆಮೇಲೆ ಔಷಧಿ. ಮೊದಲು ತೆರೆದು ನೋಡಿದ್ದು ಗೋದುಬಾಯಿಯ ಪುಟ. ಆಗ ಮತ್ತೆ ಬರೆಸಿದ್ದ ಕೆಂಪು ಸಾಲು ಅಲ್ಲೇ ಇತ್ತು.

ಒಂಬತ್ತಕ್ಕೆ ಚೀಟಿ ಮಾಡಿಸುವವರ ಸಾಲು ನಿಂತಿತು. ಅಡಿವೆಯ್ಯನವರು ಬಾಗಿಲಲ್ಲಿ ಇಣುಕಿ, "ಇವತ್ತ ಕಂಪ್ಯೂಟರ್ ಸ್ವಲ್ಪ ನಿಧಾನ ಅನಸ್ತೇತಿ, ನೋಡವಾ," ಎಂದರು. "ಹೌದ್ರಿ ಸರ್," ಎಂದರು ಮಧುಮತಿ. ಸಂಜೆ ಅವರು ಬರೆದುಕೊಟ್ಟ ಎರಡು ಪುಟದ ವರದಿಗೆ ಅಡಿವೆಯ್ಯನವರ ಸಹಿ ಬಿತ್ತು. ಮರುದಿನ ಯಾರೂ ಆ ಮಾತೆತ್ತಲಿಲ್ಲ.

ಇಂದಿನ ಭಾನುವಾರದ ಪರೀಕ್ಷೆ ಮುಗಿಯುತ್ತದೆ. ಪರದೆಯ ಮೇಲೆ ಲಾಗಿನ್ ಪುಟ ಬರುತ್ತದೆ. ಮಧುಮತಿ ಪುಸ್ತಕದಲ್ಲಿ ತಾರೀಖು ಬರೆದು ಸಹಿ ಮಾಡುತ್ತಾರೆ. ಪಕ್ಕದಲ್ಲಿ 'ಪರಿಶೀಲಿಸಿದವರು' ಎಂಬ ಇನ್ನೊಂದು ಕಲಂ ಇದೆ. ಗೆರೆ ಎಳೆದವರು ಅವರೇ. ಮೊದಲ ಪುಟದಿಂದಲೂ ಅದು ಖಾಲಿ.

ಏನು ಬೇಕು ನಿಮಗೆ ಎಂದರೆ ಆ ಖಾಲಿ ಕಲಮಿನ ಮೇಲೆ ಬೆರಳಿಡುತ್ತಾರೆ.

"ಒಬ್ಬರು ಬೇಕ್ರಿ. ಭಾಳ ಕಲ್ತಾವ್ರು ಬ್ಯಾಡ, ನಾ ಕಲಸ್ತೇನಿ. ನಾ 'ಬಂತು' ಅಂದಾಗ ಬಾಜೂಕ ನಿಂತು, ನೋಡಿ, 'ಹೌದು, ಬಂತು' ಅನ್ನಾಕ ಒಬ್ಬರು."